ಹೂಳಿನಲ್ಲಿ ತಾಮ್ರ ಜಾಸ್ತಿ ಬಂದಿದೆ, ಏನು ಮಾಡಲಿ?

ಬೀಳಗಿ ತಾಲ್ಲೂಕಿನ ರೈತ ಓದುಗರಿಗೆ ನಮಸ್ಕಾರ.

ಘಟಪ್ರಭೆಯ ಹಿನ್ನೀರು ಇಳಿದ ಮೇಲೆ ನಾಲ್ಕು ಟ್ರಾಲಿ ಹೂಳು ತಂದು ಬದುವಿಗೆ ಸುರಿದಿದ್ದೀರಿ. ಎರಡು ಟ್ರಾಲಿ ಬಯಲು ದಂಡೆಯದ್ದು, ಎರಡು ಊರ ಗಟಾರ ಹೊಳೆಗೆ ಸೇರುವ ಕಡೆಯದ್ದು. ದಂಡೆಯ ಹೂಳನ್ನು ಪರೀಕ್ಷೆ ಮಾಡಿಸಿದರೆ ತಾಮ್ರ ಕೆಜಿಗೆ ಮೂರಂಕಿ ಮಿಲಿಗ್ರಾಂ ಬಂದಿದೆ. ಕುಡಿಯುವ ನೀರಿಗೆ ಲೀಟರಿಗೆ 0.05 ಮಿಲಿಗ್ರಾಂ ಮಿತಿ ಅಂತ ಓದಿ ನಿದ್ದೆಗೆಟ್ಟಿದ್ದೀರಿ. ಅದರ ಮೇಲೆ ಮಗಳು ಹಳೇ ಸ್ಪೀಕರಿನ ಅಯಸ್ಕಾಂತ ಆಡಿಸಿದಾಗ ಕಪ್ಪು ಹರಳು ಮೀಸೆಯ ಹಾಗೆ ಅಂಟಿಕೊಂಡವಂತೆ. "ಇದೇನು ವಿಷವೇ?" ಅಂತ ಕೇಳಿದ್ದೀರಿ.

ಆ ಕಪ್ಪು ಹರಳಿನಿಂದಲೇ ಶುರು ಮಾಡೋಣ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಖನಿಜ. ವಿಷವಲ್ಲ. ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ಅಲ್ಲಿನ ಬಸಾಲ್ಟ್ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದದ್ದು. ಅದು ಸವೆದು ಬಂದ ಹರಳೇ ಅಯಸ್ಕಾಂತಕ್ಕೆ ಅಂಟಿದ್ದು. ಅಂಗೈಯಲ್ಲೇ ಉಳಿದ ಬಿಳಿ ಹರಳು ಬೆಣಚು. ಗೋಕಾಕ ಜಲಪಾತದ ಗಟ್ಟಿ ಬಂಡೆಯಲ್ಲಿ ಬಹುಪಾಲು ಇರುವುದು ಅದೇ. ಒಂದು ಹಿಡಿ ಮರಳಲ್ಲಿ ಹೊಳೆ ಬಂದ ದಾರಿಯೆಲ್ಲ ಕಾಣುತ್ತದೆ, ಅಲ್ವಾ?

ಇನ್ನು ತಾಮ್ರ. ನೀರಿನ ಮಿತಿಯನ್ನು ಮಣ್ಣಿಗೆ ಹಚ್ಚಿ ನೋಡಬೇಡಿ. ಬಸಾಲ್ಟಿನಲ್ಲಿ ತಾಮ್ರ ಕೆಜಿಗೆ 100 ಮಿಲಿಗ್ರಾಂ ದಾಟುವುದು ಸಾಮಾನ್ಯ. ನಿಮ್ಮ ಹೂಳಿನ ಮೂರಂಕಿಯೂ ಆ ಕಲ್ಲಿನಿಂದಲೇ ಬಂದಿರಬಹುದು. ಕ್ರೋಮಿಯಂ, ನಿಕಲ್ ಕೂಡ ಆ ಕಲ್ಲಿನಲ್ಲೇ ಇವೆ.

ಸೀಸದ ಮಾತು ಬೇರೆ. ಬಸಾಲ್ಟಿನಲ್ಲಿ ಅದು ಕೆಜಿಗೆ ಕೆಲವೇ ಮಿಲಿಗ್ರಾಂ. ಹೂಳಿನಲ್ಲಿ ತೀರಾ ಜಾಸ್ತಿ ಕಂಡರೆ ಕಲ್ಲಿನ ತಲೆಗೆ ಕಟ್ಟುವಂತಿಲ್ಲ. ಹಳೇ ಬ್ಯಾಟರಿ, ಬಣ್ಣ, ಗಟಾರದ ಕಡೆ ನೋಡಬೇಕು. ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷ ಲೋಹ ಫಾಸ್ಫೇಟ್ ಗೊಬ್ಬರದಿಂದಲೂ ಬರುತ್ತದೆ. ನಿಮ್ಮ ವರದಿಯಲ್ಲಿ ಈ ಎರಡೂ ಇಲ್ಲವೇ ಇಲ್ಲ. ನನಗೆ ಚಿಂತೆ ಆಗಿದ್ದು ಅದಕ್ಕೆ.

ಲೋಹ ಹೆಚ್ಚಾಗಿ ಹಿಡಿದಿಡುವುದು ಬೆರಳಿಗೆ ಬೆಣ್ಣೆಯಂತೆ ಮೆತ್ತುವ ಜೇಡಿ. ಅದರ ಕಣಕ್ಕೆ ಕಬ್ಬಿಣ, ಮ್ಯಾಂಗನೀಸಿನ ತೆಳು ತುಕ್ಕು ಹತ್ತಿರುತ್ತದೆ. ಲೋಹ ಆ ತುಕ್ಕಿಗೆ ಅಂಟಿ ಕೂತಿರುತ್ತದೆ. ಗಟಾರದ ಹೊಲಸು ಕೊಳೆತು ನೀರಿನ ಆಮ್ಲಜನಕ ತೀರಿದರೆ ತುಕ್ಕು ಕರಗಿ, ಅಂಟಿದ ಲೋಹವೂ ನೀರಿಗೆ ಬಿಡಬಹುದು. ಗಟಾರದಲ್ಲಿ ಲೋಹವೇ ಇಲ್ಲ ಅಂದುಕೊಂಡರೂ ಅದನ್ನು ಸುಮ್ನೆ ಹೊಳೆಗೆ ಬಿಡುವುದು ತಪ್ಪು ಅಂತ ನಾನು ಹೇಳುವುದು ಇದಕ್ಕೇ.

ಈಗ ಗಟಾರದ ಕಡೆಯ ಹೂಳು ಒಂದು ಪೊಟ್ಟಣ, ಹೊಳೆ ಗಟಾರ ಸೇರುವ ಜಾಗಕ್ಕೆ ಬರುವ ಮೊದಲಿನ ದಂಡೆಯದ್ದು ಒಂದು ಪೊಟ್ಟಣ ಪರೀಕ್ಷೆಗೆ ಕೊಡಿ. ಕಬ್ಬಿಣದ ಸಲಿಕೆ ಬೇಡ, ಪ್ಲಾಸ್ಟಿಕ್ ಚಮಚದಲ್ಲಿ ತೆಗೆಯಿರಿ. ಎರಡನ್ನೂ 63 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 63 ಪಾಲು) ಜರಡಿ ಹಿಡಿದು, ಕೆಳಗೆ ಬಿದ್ದ ನುಣುಪು ಮಣ್ಣನ್ನೇ ಅಳೆಯಲು ಹೇಳಿ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಜೇಡಿ ಜಾಸ್ತಿ ಇದ್ದರೆ ಲೆಕ್ಕ ತಪ್ಪುತ್ತದೆ. ಸೀಸ, ಕ್ಯಾಡ್ಮಿಯಂ ಬೇಕು ಅಂತ ಬರೆದುಕೊಡಿ.

ವರದಿ ಬರುವವರೆಗೆ ಹೂಳು ಬದುವಿನಲ್ಲೇ ಇರಲಿ. ಗಟಾರದ ಎರಡು ಟ್ರಾಲಿಯದ್ದು ಬೇರೆ ಗುಡ್ಡೆ ಮಾಡಿ. ಮಳೆ ಬಂದರೆ ಬಾವಿ ಕಡೆ ಹರಿಯದ ಹಾಗೆ ತಾಡಪತ್ರಿ ಮುಚ್ಚಿಡಿ. ಹೊಸ ವರದಿ ಕೈಗೆ ಬಂದ ಕೂಡಲೇ ನಮಗೂ ಒಂದು ಪ್ರತಿ ಕಳಿಸಿ, ಕೂತು ನೋಡೋಣ.

– ಸಂಪಾದಕ