ಹೀಟರ್ ಹೊಗೆಯ ಬಿಸಿಯಿಂದ ವಿದ್ಯುತ್: ಪ್ರತಿಕ್ರಿಯೆ

ನಮಸ್ಕಾರ. ಪುಣೆ ಬಳಿಯ ಚಾಕಣದ ನಿಮ್ಮ ಘಟಕದಲ್ಲಿ, ಫರ್ನೇಸ್ ಆಯಿಲ್ ಉರಿಸುವ ಥರ್ಮಿಕ್ ಫ್ಲೂಯಿಡ್ ಹೀಟರಿನಿಂದ (ಶಾಖ ಒಯ್ಯುವ ದ್ರವವನ್ನು ಕಾಯಿಸುವ ಯಂತ್ರ) ಸೆಕೆಂಡಿಗೆ 2 ಕಿಲೋದಷ್ಟು ಹೊಗೆ 250 ಡಿಗ್ರಿಯಲ್ಲಿ ಹೊರಹೋಗುತ್ತಿದ್ದು, ಆರ್ಗ್ಯಾನಿಕ್ ರ‍್ಯಾಂಕಿನ್ ಚಕ್ರದಿಂದ ವಿದ್ಯುತ್ ಪಡೆಯಬಹುದೇ ಎಂದು ಕೇಳಿದ್ದೀರಿ.

ಪಡೆಯಬಹುದು. ಈ ಚಕ್ರದಲ್ಲಿ ನೀರಿನ ಬದಲು 36 ಡಿಗ್ರಿಗೇ ಕುದಿಯುವ ಪೆಂಟೇನಿನಂಥ ದ್ರವವನ್ನು ಬಳಸುವುದರಿಂದ ಇಷ್ಟು ಬಿಸಿಯೂ ಟರ್ಬೈನ್ ತಿರುಗಿಸಲು ಸಾಕಾಗುತ್ತದೆ. ಆದರೆ ಎಣ್ಣೆಯಲ್ಲಿ ಗಂಧಕವಿರುವ ಕಾರಣ ಹೊಗೆಯನ್ನು 150 ಡಿಗ್ರಿಗಿಂತ ಕೆಳಗೆ ತಣಿಸುವುದು ಕ್ಷೇಮವಲ್ಲ; ಆಮ್ಲ ಹನಿಗಟ್ಟಿ ಕೊಳವೆಗಳನ್ನು ತಿನ್ನುತ್ತದೆ. (ಭೋಸರಿಯ ಒಂದು ಘಟಕದಲ್ಲಿ ನಾವು ಈ ಮಾತನ್ನು ಕಡೆಗಣಿಸಿ, ಎರಡೇ ವರ್ಷದಲ್ಲಿ ಜರಡಿಯಾಗಿದ್ದ ಕೊಳವೆಗಳನ್ನು ಬಿಚ್ಚಿದ್ದೇವೆ.) ಹಾಗಾಗಿ ಕೈಗೆ ಸಿಗುವ ಶಾಖ ಸುಮಾರು 210 ಕಿಲೋವ್ಯಾಟ್. ಅದರಲ್ಲಿ ಶೇಕಡಾ 10ರಷ್ಟು, ಅಂದರೆ 21 ಕಿಲೋವ್ಯಾಟ್ ವಿದ್ಯುತ್ತಾದೀತು. ಪಂಪು, ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಕಂಡೆನ್ಸರಿನ ಫ್ಯಾನುಗಳು ಅದರಲ್ಲೂ ಪಾಲು ಕೇಳುತ್ತವೆ, ಪುಣೆಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿಯೇ ಕಾದಿರುವಾಗ ಉತ್ಪಾದನೆ ಇನ್ನೂ ಕುಸಿಯುತ್ತದೆ.

ಅದೇ ಶಾಖದಿಂದ ಬರ್ನರಿಗೆ ಹೋಗುವ ಗಾಳಿಯನ್ನು ಬಿಸಿಮಾಡಿದರೆ ಗಂಟೆಗೆ ಸುಮಾರು 19 ಕಿಲೋ ಎಣ್ಣೆ ಉಳಿಯುತ್ತದೆ. ನಾನಾಗಿದ್ದರೆ ಮೊದಲು ಏರ್ ಪ್ರೀಹೀಟರಿಗೇ ಕೊಟೇಶನ್ ತರಿಸುತ್ತಿದ್ದೆ. ಬರ್ನರ್ ಎಷ್ಟು ಬಿಸಿ ಗಾಳಿಯನ್ನು ತಾಳುತ್ತದೆಂದು ತಯಾರಕರನ್ನು ಕೇಳಿಕೊಳ್ಳಿ.