ಗಿರಾಕಿ ಬಾಯಿಗೆ ಬಂದಂಗೆ ಅಂದಾಗ ಓನರ್ ಯಾರ ಕಡೆ ನಿಲ್ಬೇಕು?

ಹುಬ್ಬಳ್ಳಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಅಮೆರಿಕದ ಕಂಪನಿಗಳು ತಮ್ಮ ಕಪ್ಪು ಜನಾಂಗದ ನೌಕರರ ಪರ ನಿಂತಿದ್ದರ ಬಗ್ಗೆ ನಾವು ಹಾಕಿದ್ದ ಲೇಖನ ಓದಿ, ಇದೆಲ್ಲ ಬರೀ ಶೋ ಅಲ್ವಾ ಅಂತ ಕೇಳಿದೀರ. ಆಮೇಲೆ ನಿಮ್ಮ ರೆಸ್ಟೋರೆಂಟಿನ ವಿಷ್ಯ ಬರ್ದಿದೀರ. ದಿನಾ ಬರೋ ಗಿರಾಕಿಯೊಬ್ರು ನಿಮ್ಮ ಮಣಿಪುರದ ಸಪ್ಲೈಯರ್ ಹುಡುಗನಿಗೆ "ಏ ಚೀನಾ, ನೀರ್ ತಾರೋ" ಅಂದ್ರು, ಇಡೀ ಟೇಬಲ್ ನಕ್ಕಿತು, ಗಲ್ಲಾದಲ್ಲಿ ಕೂತಿದ್ದ ನೀವೂ ನಕ್ಕು ಸುಮ್ನಾದ್ರಿ, ಮಾರನೇ ದಿನ ಹುಡುಗ ಕೆಲಸಕ್ಕೆ ಬರ್ಲಿಲ್ಲ. ಹಳೇ ಗಿರಾಕಿ ಜೊತೆ ಜಗಳ ಆಡ್ಬೇಕಿತ್ತಾ ಅಂತ ನಿಮ್ಮ ಪ್ರಶ್ನೆ. ಹುಡುಗರಿಗೆ ರೂಮ್ ಖಾಲಿ ಮಾಡಿ ಅಂತ ಮನೆ ಓನರ್ ಹೇಳ್ತಿರೋದನ್ನೂ ಕೊನೇಲಿ ಒಂದ್ ಸಾಲಲ್ಲಿ ಬರ್ದಿದೀರ.

ಶೋ ಅನ್ನೋ ಮಾತು ಅರ್ಧ ಒಪ್ತೀನಿ. 2020ರ ಮೇ 25ಕ್ಕೆ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್‌ನೋನು ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಜನಾಂಗದವನ ಕುತ್ತಿಗೆ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಮೊಣಕಾಲು ಊರಿ ಕೊಂದ, ಜೂನ್ 2ಕ್ಕೆ ದೊಡ್ ದೊಡ್ ಬ್ರ್ಯಾಂಡ್‌ಗಳೆಲ್ಲ ಕಪ್ಪು ಜನರ ಪರ ಇದೀವಿ ಅಂತ ತೋರ್ಸೋಕೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದೊಂದು ಕಪ್ಪು ಚೌಕ ಹಾಕಿದ್ವು, ಅದಕ್ಕೆ ಒಂದ್ ರೂಪಾಯಿನೂ ಖರ್ಚಿಲ್ಲ. ಸ್ಟಾರ್‌ಬಕ್ಸ್‌ನೋರು ಅದೇ ಜೂನ್‌ನಲ್ಲಿ ಹೊರಗೆ ಕಪ್ಪು ಜನರ ಪರ ಹೇಳಿಕೆ ಕೊಟ್ಟು, ಒಳಗೆ ಮಾತ್ರ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' (ಕಪ್ಪು ಜನರ ಜೀವಕ್ಕೂ ಬೆಲೆ ಇದೆ) ಅನ್ನೋ ಟೀ ಶರ್ಟ್, ಪಿನ್ ಹಾಕ್ಕೊಂಡು ಕೆಲಸಕ್ಕೆ ಬರ್ಬೇಡಿ ಅಂತ ಸೂಚನೆ ಕಳಿಸಿದ್ರು. ಸಲಿಂಗಿಗಳ ಪರ ಇರೋ ಪ್ರೈಡ್ ಪಿನ್ ಹಾಕೋಕೆ ಬಿಡ್ತೀರಲ್ಲ, ಇದಕ್ಕೇನು ಅಡ್ಡಿ ಅಂತ ಕೆಲಸದವ್ರು ಕೇಳಿದ್ರು, ಸುದ್ದಿ ಹೊರಗೆ ಬಂತು, ಜನ ರೊಚ್ಚಿಗೆದ್ರು, ಕೆಲವೇ ದಿನದಲ್ಲಿ ಕಂಪನಿ ಉಲ್ಟಾ ಹೊಡೆದು 2,50,000 ಟೀ ಶರ್ಟ್ ನಾವೇ ಮಾಡಿಸಿ ಕೊಡ್ತೀವಿ ಅಂತು. ಕೌಂಟರ್ ಹಿಂದೆ ನಿಂತೋರು ಬಾಯಿ ಬಿಟ್ಟಿದ್ದಕ್ಕೆ ಆಗಿದ್ದು ಅದು.

ಒಪ್ಪದೇ ಇರೋ ಇನ್ನರ್ಧಕ್ಕೂ ಉದಾಹರಣೆ ಇದೆ. ಅದೇ ವರ್ಷ ಆಗಸ್ಟ್ 23ಕ್ಕೆ ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಊರಲ್ಲಿ ಪೊಲೀಸ್ರು ಜೇಕಬ್ ಬ್ಲೇಕ್ ಅನ್ನೋ ಕಪ್ಪು ಜನಾಂಗದವ್ರಿಗೆ ಹಿಂದಿನಿಂದ ಏಳು ಗುಂಡು ಹೊಡೆದ್ರು. ಅದೇ ರಾಜ್ಯದ ಬ್ಯಾಸ್ಕೆಟ್‌ಬಾಲ್ ಟೀಮ್ ಮಿಲ್ವಾಕೀ ಬಕ್ಸ್. ಆಗಸ್ಟ್ 26ಕ್ಕೆ ಅವ್ರಿಗೆ ಪ್ಲೇಆಫ್ ಮ್ಯಾಚ್, ಎದುರು ಟೀಮ್ ಪ್ರಾಕ್ಟೀಸ್ ಮಾಡ್ತಾ ಇದೆ, ಇವ್ರು ಆ ಗುಂಡೇಟಿನ ವಿರುದ್ಧ ಪ್ರತಿಭಟಿಸಿ ಲಾಕರ್ ರೂಮ್ ಬಿಟ್ಟು ಹೊರಗೇ ಬರ್ಲಿಲ್ಲ. ಗಂಟೆಗಟ್ಟಲೆ ಒಳಗೇ ಕೂತು ರಾಜ್ಯದ ಅಟಾರ್ನಿ ಜನರಲ್ ಜೊತೆ ಫೋನಲ್ಲಿ ಮಾತಾಡಿದ್ರು. ಮ್ಯಾಚ್ ನಿಂತ್ರೆ ಲಾಸು, ಓನರ್‌ಗಳಿಗೆ ಮೊದ್ಲೇ ಒಂದ್ ಮಾತೂ ಹೇಳಿರ್ಲಿಲ್ಲ. ಆದ್ರೂ ಟೀಮ್ ಓನರ್‌ಗಳು, ನಮಗೆ ಮೊದ್ಲೇ ಗೊತ್ತಿರ್ಲಿಲ್ಲ ನಿಜ, ಗೊತ್ತಿದ್ರೂ ಮನಸಾರೆ ಒಪ್ತಿದ್ವಿ ಅಂತ ಹೇಳಿಕೆ ಕೊಟ್ರು. ಆವತ್ತು ಲೀಗ್‌ನ ಉಳಿದ ಮ್ಯಾಚ್‌ಗಳೂ ನಡೀಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಕಾಲಿನ್ ಕೆಪರ್‌ನಿಕ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ 2016ರಲ್ಲಿ ರಾಷ್ಟ್ರಗೀತೆ ಹೊತ್ತಲ್ಲಿ ಮಂಡಿಯೂರಿ ಪ್ರತಿಭಟಿಸಿದ, ಮುಂದಿನ ವರ್ಷದಿಂದ ಒಂದು ಟೀಮೂ ಅವನನ್ನ ತಗೊಳ್ಲಿಲ್ಲ, 2020ರಲ್ಲಿ ಲೀಗ್ ಕಮಿಷನರ್ ಆಟಗಾರರ ಮಾತು ಕೇಳದೇ ಇದ್ದಿದ್ದು ನಮ್ದು ತಪ್ಪಾಯ್ತು ಅಂದಾಗ್ಲೂ ಅವನ ಹೆಸ್ರು ಎತ್ತಲಿಲ್ಲ.

ಬ್ಯಾಸ್ಕೆಟ್‌ಬಾಲ್ ಆಡೋರು ಕೋಟ್ಯಧಿಪತಿಗಳು, ಒಂದಿನ ಆಡದಿದ್ರೆ ಏನ್ ಹೋಗುತ್ತೆ ಅಂತ ನೀವು ಕೇಳ್ಬಹುದು, ಕೇಳ್ಬೇಕು ಕೂಡ. ನಿಮ್ಮ ಹುಡುಗ ತಿಂಗಳ ಸಂಬಳದಲ್ಲಿ ಮಿಕ್ಕಿದ್ದನ್ನ ಊರಿಗೆ ಕಳಿಸೋನು. ಅವ್ನು ತಿರುಗಿ ಮಾತಾಡಿದ್ರೆ ಕೆಲಸ ಹೋಗುತ್ತೆ ಅನ್ನೋ ಭಯ, ಕನ್ನಡ ಪೂರ್ತಿ ಬರಲ್ಲ, ಗಲಾಟೆ ಆದ್ರೆ ಪೊಲೀಸ್ ಸ್ಟೇಷನ್ನಲ್ಲಿ ತನ್ನ ಮಾತು ಯಾರು ನಂಬ್ತಾರೆ ಅನ್ನೋ ಚಿಂತೆ ಬೇರೆ. ಅದಕ್ಕೇ ನಾನು ಹೇಳೋದು, ಆ ಟೇಬಲ್ ಹತ್ರ ಬಾಯಿ ಬಿಟ್ರೂ ಕೆಲಸ ಕಳ್ಕೊಳ್ಳದೇ ಇರೋ ಮನುಷ್ಯ ಇದ್ದಿದ್ದು ನೀವೊಬ್ರೇ.

ಇದು ಅಮೆರಿಕದ ರೋಗ ನಮ್ದಲ್ಲ ಅನ್ಕೋಬೇಡಿ. ಅರುಣಾಚಲದ ನಿಡೋ ತಾನಿಯಾ ಅನ್ನೋ ಹುಡುಗ 2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದಲ್ಲಿ ಹೊಡೆತ ತಿಂದು ಸತ್ತ, ಅದು ಶುರುವಾಗಿದ್ದು ಒಂದು ಅಂಗಡಿಯಲ್ಲಿ ಅವನ ಕೂದಲು ನೋಡಿ ಗೇಲಿ ಮಾಡಿದ್ರಿಂದ. ಅದಾದ ಮೇಲೇ ಕೇಂದ್ರ ಸರ್ಕಾರ ಬೇರೆ ಕಡೆ ಇರೋ ಈಶಾನ್ಯದ ಜನರ ಕಷ್ಟ ನೋಡೋಕೆ ಬೆಜ್‌ಬರುವಾ ಸಮಿತಿ ಮಾಡಿದ್ದು. ನಮ್ಮ ಬೆಂಗಳೂರಲ್ಲೇ 2012ರ ಆಗಸ್ಟ್‌ನಲ್ಲಿ ನಿಮ್ಮ ಮೇಲೆ ದಾಳಿ ಆಗುತ್ತೆ ಅಂತ ಮೊಬೈಲ್‌ಗೆ ಬಂದ ಸುಳ್ಳು ಮೆಸೇಜ್‌ಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ, ಸೆಕ್ಯೂರಿಟಿ ಗಾರ್ಡ್‌ಗಳು, ಹೋಟೆಲ್ ಹುಡುಗ್ರು, ಪಾರ್ಲರ್ ಹುಡುಗೀರು, ಸ್ಟೂಡೆಂಟ್ಸು, ಗುವಾಹಟಿ ಟ್ರೇನ್ ಹತ್ತಿದ್ರು, ಸ್ಪೆಷಲ್ ಟ್ರೇನ್ ಬಿಡ್ಬೇಕಾಯ್ತು, ಗೃಹಮಂತ್ರಿ ಆಗಿದ್ದ ಆರ್. ಅಶೋಕ್ ಸ್ಟೇಷನ್‌ಗೇ ಹೋಗಿ ಹೋಗ್ಬೇಡಿ ಅಂತ ಕೇಳ್ಕೊಂಡ್ರು. ನನಗನ್ನಿಸೋದು ಏನಂದ್ರೆ ಪ್ಲಾಟ್‌ಫಾರ್ಮ್ ಮೇಲೆ ಮಂತ್ರಿ ಹೇಳೋ ಮಾತಿಗಿಂತ, ದಿನಾ ಮುಖ ನೋಡೋ ಓನರ್ "ನಾನಿದೀನಿ, ಇಲ್ಲೇ ಇರು" ಅನ್ನೋ ಮಾತಿಗೆ ತೂಕ ಜಾಸ್ತಿ. ಆ ಮಾತು ನಂಬೋ ಹಂಗಿರ್ಬೇಕು ಅಂದ್ರೆ "ಏ ಚೀನಾ" ಅಂದ ದಿನಾನೇ ಓನರ್ ಬಾಯಿ ಬಿಟ್ಟಿರ್ಬೇಕು.

ಜಗಳ ಆಡ್ಬೇಕಿತ್ತಾ ಅಂದ್ರಲ್ಲ, ಬೇಡ. ಗಲ್ಲಾ ಬಿಟ್ಟು ಎದ್ದು ಟೇಬಲ್ ಹತ್ರ ಹೋಗಿ, ಹುಡುಗನ ಹೆಸ್ರು ಹೇಳಿ, "ಸರ್, ಇವ್ನು ನಮ್ಮ ಹುಡುಗ, ಹೆಸ್ರು ಹಿಡಿದು ಕರೀರಿ, ಇಲ್ಲಾಂದ್ರೆ ನೀರು ನಾನೇ ತರ್ತೀನಿ" ಅಂದಿದ್ರೆ ಸಾಕಿತ್ತು. ಅದೂ ಎಲ್ರಿಗೂ ಕೇಳೋ ಹಂಗೆ, ಯಾಕಂದ್ರೆ ಅವಮಾನ ಆಗಿದ್ದು ಎಲ್ರ ಮುಂದೆ. ಆಮೇಲೆ ಅಡುಗೆಮನೆಗೆ ಕರ್ದು ಹೋಗ್ಲಿ ಬಿಡಪ್ಪ ಅಂತ ಸಮಾಧಾನ ಹೇಳಿದ್ರೆ, ಗಿರಾಕಿದೇ ಸರಿ ಅಂತ ನೀವೂ ಒಪ್ಕೊಂಡ ಹಾಗೆ. ಅಷ್ಟಕ್ಕೇ ಆ ಗಿರಾಕಿ ಬರೋದು ನಿಲ್ಲಿಸಿದ್ರೆ ನಿಲ್ಲಿಸ್ಲಿ, ದಿನಕ್ಕೊಂದು ಬಿಲ್ ಹೋಗ್ಬಹುದು, ಆದ್ರೆ ಉಳಿದ ಹುಡುಗ್ರೆಲ್ಲ ನಿಮ್ಮ ಮುಖಾನೇ ನೋಡ್ತಿರ್ತಾರೆ.

ಈಗ್ಲೂ ತಡ ಆಗಿಲ್ಲ. ನೀವೇ ಅವನ ರೂಮಿಗೆ ಹೋಗಿ, ಮ್ಯಾನೇಜರ್ ಕೈಲಿ ಹೇಳಿ ಕಳಿಸ್ಬೇಡಿ. ಬರದೇ ಇದ್ದ ದಿನದ ಸಂಬಳ ಹಿಡೀಬೇಡಿ. ವಾಪಸ್ ಬಂದ್ರೆ ಅದೇ ಸೆಕ್ಷನ್‌ಗೇ ಹಾಕಿ, ಮುಖ ಕಾಣದಿರ್ಲಿ ಅಂತ ಪಾತ್ರೆ ತೊಳೆಯೋ ಕಡೆ ತಳ್ಳಬೇಡಿ, ಹಂಗೆ ಮಾಡಿದ್ರೆ ಶಿಕ್ಷೆ ಅವನಿಗೇ ಆಗುತ್ತೆ.

ಇನ್ನು ಮನೆ ವಿಷ್ಯ. ಮನೆ ಓನರ್ ಹತ್ರ ಹುಡುಗರನ್ನ ಮಾತ್ರ ಕಳಿಸ್ಬೇಡಿ, ಜೊತೆಗೆ ನೀವೂ ಹೋಗಿ. ಬಾಡಿಗೆ ಅಗ್ರಿಮೆಂಟ್ ರೆಸ್ಟೋರೆಂಟ್ ಹೆಸರಲ್ಲಿ ಮಾಡ್ಸಿ, ಅಡ್ವಾನ್ಸ್ ನಿಮ್ಮ ಅಕೌಂಟಿಂದ ಹೋಗ್ಲಿ, ಆಧಾರ್ ಜೆರಾಕ್ಸ್, ಪೊಲೀಸ್ ವೆರಿಫಿಕೇಷನ್ ಏನ್ ಕೇಳಿದ್ರೂ ನೀವೇ ಮುಂದೆ ನಿಂತು ಮಾಡ್ಸಿ ಕೊಡಿ. ಅಷ್ಟಾದ್ರೂ ಒಪ್ಲಿಲ್ಲ ಅಂದ್ರೆ ಬೇರೆ ರೂಮ್ ಸಿಗೋವರೆಗೂ ಟೈಮ್ ಬರೆಸ್ಕೊಳಿ, ಸಾಮಾನು ಹೊರಗೆ ಹಾಕ್ತೀನಿ ಅಂತ ಹೆದರಿಸಿದ್ರೆ 112ಕ್ಕೆ ಫೋನ್ ಮಾಡಿ, ಆ ಕಾಲ್ ನಿಮ್ಮ ನಂಬರಿಂದಾನೇ ಹೋಗ್ಲಿ.