ಟವರ್ ಕೈಕೊಟ್ಟಾಗ ರಕ್ಷಣಾ ತಂಡದ ಮಾತು ನಿಲ್ಲಬಾರದು

ಪ್ರಶ್ನೆ: ಪ್ರವಾಹ, ಭೂಕುಸಿತವಾದಾಗ ನೆರವಿಗೆ ಹೋಗುವ ಸ್ವಯಂಸೇವಕರ ತಂಡ ನಮ್ಮದು. ಕಳೆದ ಸಲ ನೀರು ಏರಿದ ದಿನವೇ ಮೊಬೈಲ್ ಸಿಗ್ನಲ್ ಹೋಯಿತು. ದೋಣಿಯಲ್ಲಿದ್ದವರಿಗೂ ದಡದಲ್ಲಿದ್ದವರಿಗೂ ಸಂಪರ್ಕವೇ ಇರಲಿಲ್ಲ. ವಾಕಿಟಾಕಿ ಕೊಳ್ಳೋಣ ಎಂದು ಕೆಲವರು ಹೇಳುತ್ತಾರೆ. ಈ ಕಾಲದಲ್ಲಿ ಅದೇಕೆ, ಒಳ್ಳೆಯ ಆ್ಯಪ್ ಸಾಕು ಎನ್ನುವವರೂ ಇದ್ದಾರೆ. ಯಾವುದಕ್ಕೆ ಹಣ ಹಾಕಬೇಕು?

ಮೊದಲು ವಾಕಿಟಾಕಿಗೆ ಹಾಕಿ. ಆ್ಯಪ್ ಆಮೇಲೆ ಬರಲಿ.

ಪಕ್ಕದಲ್ಲೇ ನಿಂತವರಿಗೆ ಫೋನ್ ಮಾಡಿದರೂ ನಿಮ್ಮ ಮಾತು ಟವರ್‌ಗೆ ಹೋಗಿ, ಅಲ್ಲಿಂದ ಕೇಬಲ್ ಹಿಡಿದು ಕಂಪನಿಯ ಕೇಂದ್ರ ಮುಟ್ಟಿ, ಮತ್ತೆ ಅದೇ ದಾರಿಯಲ್ಲಿ ವಾಪಸು ಬರಬೇಕು. ಈ ದಾರಿಯಲ್ಲಿ ಎಲ್ಲಿ ತುಂಡಾದರೂ ಮಾತು ನಿಂತಿತು. ಟವರ್ ಬೀಳಲೇಬೇಕೆಂದಿಲ್ಲ. ವಿದ್ಯುತ್ ಹೋದ ಮೇಲೆ ಅಲ್ಲಿನ ಬ್ಯಾಟರಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಜನರೇಟರ್. ರಸ್ತೆ ಕೊಚ್ಚಿಹೋಗಿದ್ದರೆ ಅದಕ್ಕೆ ಡೀಸೆಲ್ ತಲುಪಿಸುವವರು ಯಾರು? ಸೇತುವೆಯ ಜೊತೆ ಫೈಬರ್ ಕೇಬಲ್ ಹೋದರಂತೂ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಕಾಣುತ್ತಿದ್ದರೂ ಕರೆ ಹೋಗುವುದಿಲ್ಲ. ಇದೆಲ್ಲ ಸರಿಯಿದ್ದರೂ ಗಾಬರಿಗೊಂಡ ಊರಿಗೆ ಊರೇ ಒಮ್ಮೆಲೇ ಮನೆಯವರಿಗೆ ಕರೆ ಮಾಡುವಾಗ ಜಾಲ ಕಿಕ್ಕಿರಿದು, ರಕ್ಷಣೆಯವರೂ ಅದೇ ಸರದಿಯಲ್ಲಿ ಕಾಯಬೇಕಾಗುತ್ತದೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದಲ್ಲಿ 38 ತುರ್ತು ಕರೆ ಕೇಂದ್ರಗಳು ಸ್ಥಗಿತಗೊಂಡವು. ಹಣ, ತಂತ್ರಜ್ಞಾನ ಎರಡೂ ಇದ್ದ ದೇಶದ ಕತೆ ಅದು.

ವಾಕಿಟಾಕಿಗೆ ಮಧ್ಯವರ್ತಿ ಬೇಡ. ಒಂದು ಸೆಟ್‌ನಿಂದ ಇನ್ನೊಂದಕ್ಕೆ ನೇರ ಮಾತು. ಇಂದಿನ ಮೊಬೈಲ್ ಫೋನು ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ ವ್ಯಾಟ್‌ನ ಐದನೇ ಒಂದು ಭಾಗದಷ್ಟು. ವೃತ್ತಿಪರ ಕೈಸೆಟ್‌ನದು 4–5 ವ್ಯಾಟ್. ಒಬ್ಬರು ಗುಂಡಿ ಒತ್ತಿದರೆ ತಂಡದ ಅಷ್ಟೂ ಮಂದಿಗೆ ಏಕಕಾಲಕ್ಕೆ ಕೇಳಿಸುತ್ತದೆ. 'ಹಗ್ಗ ಸಡಿಲವಾಗಿದೆ, ಹಿಂದೆ ಸರಿಯಿರಿ' ಎಂಬ ಮಾತನ್ನು ಒಬ್ಬೊಬ್ಬರಿಗೇ ನಂಬರ್ ಒತ್ತಿ ಹೇಳಲಾದೀತೇ?

ಅದಕ್ಕೂ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಪೊಟ್ಟಣದ ಮೇಲೆ ಬರೆದಿರುವ ಕಿಲೋಮೀಟರ್ ಲೆಕ್ಕವನ್ನು ನಂಬಬೇಡಿ. ಈ ತರಂಗಗಳು ಬಹುತೇಕ ನೇರವಾಗಿ ಸಾಗುತ್ತವೆ, ಭೂಮಿಯ ಬಾಗು ಅವುಗಳನ್ನು ತಡೆಯುತ್ತದೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಆ ಆಂಟೆನಾಗೆ ಎಷ್ಟು ಕಿಲೋಮೀಟರ್ 'ಕಾಣುತ್ತದೆ' ಎಂಬ ಅಂದಾಜು ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್‌ಗೆ ಸುಮಾರು 5 ಕಿ.ಮೀ. ಹಾಗಾಗಿ ಇಬ್ಬರ ನಡುವೆ ಬಟಾಬಯಲಿನಲ್ಲೂ 10 ಕಿ.ಮೀ. ಮೀರುವುದು ಕಷ್ಟ. ಮರ, ಮನೆ, ಗುಡ್ಡ ಇದ್ದಲ್ಲಿ ಇನ್ನೂ ಬಹಳ ಕಡಿಮೆ. ಅದೇ ಸೆಟ್ 30 ಮೀಟರ್ ಎತ್ತರದ ಆಂಟೆನಾ ಜೊತೆ ಮಾತಾಡುವಾಗ ಈ ಮಿತಿ ಸುಮಾರು 27 ಕಿ.ಮೀ.ಗೆ ಏರುತ್ತದೆ. ವ್ಯಾಟ್ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದೇ ಲಾಭ ಎನ್ನುವುದು ಇದಕ್ಕೇ. ಎತ್ತರದ ಜಾಗದಲ್ಲಿ ರಿಪೀಟರ್ ಇಟ್ಟರೆ ಅದು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡದ್ದನ್ನು ಇನ್ನೊಂದರಲ್ಲಿ ಜೋರಾಗಿ ಮರುಪ್ರಸಾರ ಮಾಡುತ್ತದೆ.

ಆದರೆ ರಿಪೀಟರ್ ಕೂಡ ಒಂದು ಯಂತ್ರವೇ, ಅದೂ ಕೆಡುತ್ತದೆ. ಆದ್ದರಿಂದ ನಾನು ಪದೇಪದೇ ಹೇಳುವುದಿಷ್ಟು: ಮೇಲಿನ ಹಂತ ಕುಸಿದ ಕ್ಷಣದಲ್ಲಿ ಕೆಳಗಿನ ಹಂತಕ್ಕೆ ಇಳಿಯಲು ಎಲ್ಲರಿಗೂ ಗೊತ್ತಿರಬೇಕು. ಇಂಟರ್ನೆಟ್ ಹೋದರೆ ರಿಪೀಟರ್, ಅದೂ ಹೋದರೆ ಸೆಟ್‌ನಿಂದ ಸೆಟ್‌ಗೆ ಮಾತಾಡುವ ನೇರ ಚಾನೆಲ್. ಆ ಚಾನೆಲ್ ಸಂಖ್ಯೆಯನ್ನು ಸೆಟ್‌ನ ಹಿಂಬದಿಗೇ ಅಂಟಿಸಿ, ಪ್ರತಿ ಅಭ್ಯಾಸದಲ್ಲೂ ರಿಪೀಟರ್ ಆಫ್ ಮಾಡಿ ಅರ್ಧ ಗಂಟೆ ಕೆಲಸ ಮಾಡಿಸಿ.

ಅಭ್ಯಾಸಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ 1993ರ ಬಾಂಬ್ ಸ್ಫೋಟದ ಬಳಿಕ ಅಗ್ನಿಶಾಮಕ ದಳಕ್ಕೆಂದೇ ರಿಪೀಟರ್ ಅಳವಡಿಸಲಾಗಿತ್ತು. 2001ರ ಸೆಪ್ಟೆಂಬರ್ 11ರಂದು ಅದನ್ನು ಚಾಲೂ ಮಾಡಿದಾಗ ಮುಖ್ಯ ಹ್ಯಾಂಡ್‌ಸೆಟ್‌ನ ಗುಂಡಿ ಮಾತ್ರ ಒತ್ತದೇ ಉಳಿಯಿತು. ಪರೀಕ್ಷಿಸಿದ ಅಧಿಕಾರಿಗಳಿಗೆ ದನಿ ಕೇಳಿಸದೆ, ರಿಪೀಟರ್ ಕೆಟ್ಟಿದೆ ಎಂದೇ ಭಾವಿಸಿ ಉತ್ತರ ಗೋಪುರದಲ್ಲಿ ಅದನ್ನು ಕೈಬಿಟ್ಟರು. ವಾಸ್ತವದಲ್ಲಿ ಅದು ಕೆಲಸ ಮಾಡುತ್ತಿತ್ತು. ಆಕಾಶದಲ್ಲಿದ್ದ ಪೊಲೀಸ್ ಹೆಲಿಕಾಪ್ಟರ್‌ನವರು ಕಂಡು ಹೇಳಿದ್ದು ಅಗ್ನಿಶಾಮಕ ಮುಖ್ಯಸ್ಥರಿಗೆ ತಲುಪಲಿಲ್ಲ, ಏಕೆಂದರೆ ಎರಡು ದಳಗಳ ರೇಡಿಯೊ ಬೇರೆ ಬೇರೆ. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343 ಮಂದಿ. ಸಾವುಗಳಿಗೆಲ್ಲ ರೇಡಿಯೊ ಒಂದೇ ಕಾರಣವಲ್ಲ. ಹಾಗಿದ್ದರೂ ಈ ಘಟನೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಜೊತೆ ಕೆಲಸ ಮಾಡುವ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕದವರ ಜೊತೆ ಕೂತು ಎಲ್ಲರಿಗೂ ಸೇರಿ ಒಂದು ಸಾಮಾನ್ಯ ಚಾನೆಲ್ ಗೊತ್ತುಮಾಡಿಕೊಳ್ಳಿ. ತರಂಗಾಂತರಕ್ಕೆ ಪರವಾನಗಿ ಪಡೆಯುವ ಕೆಲಸವೂ ಆಗಲೇ ಮುಗಿಯಲಿ.

ಅನಲಾಗ್ ಕೊಳ್ಳಬೇಕೋ ಡಿಜಿಟಲ್ಲೋ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಡಿಜಿಟಲ್‌ನಲ್ಲಿ ಗೋಪ್ಯತೆ, ಸ್ಥಳದ ಮಾಹಿತಿ, ಸಿಗ್ನಲ್ ತಲುಪುವ ಅಂಚಿನವರೆಗೂ ಸ್ವಚ್ಛ ದನಿ ಸಿಗುತ್ತವೆ. ಅಂಚು ದಾಟಿದರೆ ದನಿ ಒಮ್ಮೆಗೇ ಮಾಯ. ಅನಲಾಗ್‌ನಲ್ಲಿ ಗೊರಗೊರ ಹೆಚ್ಚುತ್ತಾ ಹೋಗಿ, ದೂರ ಹೋಗುತ್ತಿದ್ದೇವೆಂಬ ಎಚ್ಚರಿಕೆ ಸಿಗುತ್ತದೆ. ಡಿಜಿಟಲ್ ಸೆಟ್‌ಗಳು ಮನುಷ್ಯರ ದನಿಗೆ ಹೊಂದಿಸಿ ಧ್ವನಿಯ ಮಾಹಿತಿಯನ್ನು ಕಿರಿದುಗೊಳಿಸಿ ಕಳಿಸುವುದರಿಂದ, ಮರ ಕೊಯ್ಯುವ ಯಂತ್ರ ಅಥವಾ ಅಲಾರಂ ಪಕ್ಕದಲ್ಲಿ ಮಾತು ಕಲಸಿಹೋಗುವುದೂ ಉಂಟು. ಎರಡೂ ಬಗೆಯಲ್ಲಿ ಕೆಲಸ ಮಾಡುವ ಸೆಟ್ ಕೊಂಡು, ನೇರ ಚಾನೆಲ್ಲನ್ನು ಅನಲಾಗ್‌ನಲ್ಲೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಆ್ಯಪ್ ಪಕ್ಷದವರಿಗೂ ಒಂದು ಮಾತು. ಮೊಬೈಲ್ ಜಾಲದಲ್ಲೇ ರಕ್ಷಣಾ ಸಿಬ್ಬಂದಿಗೆ ಆದ್ಯತೆ ಕೊಡುವ ವ್ಯವಸ್ಥೆಗಳು ಬಂದಿವೆ. ಅಮೆರಿಕ 2012ರ ಕಾನೂನಿನ ಮೂಲಕ ಫಸ್ಟ್‌ನೆಟ್ ಎಂಬ ಪ್ರತ್ಯೇಕ ಜಾಲಕ್ಕೆ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಮೀಸಲಿಟ್ಟಿತು. ನಕ್ಷೆ, ಫೋಟೊ, ಡ್ರೋನ್ ದೃಶ್ಯಗಳಿಗೆ ಇದು ನಿಜಕ್ಕೂ ಉಪಕಾರಿ. ಟವರ್ ಇಲ್ಲದಾಗ ಫೋನಿಂದ ಫೋನಿಗೆ ನೇರ ಮಾತಾಡುವುದು ಮಾತ್ರ ವಾಕಿಟಾಕಿಯ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಪ್ರಶ್ನೆ: ಸುರಂಗ, ಗುಹೆ, ಕುಸಿದ ಕಟ್ಟಡದೊಳಗೆ ಹೋದವರ ಜೊತೆ ಸಂಪರ್ಕ ಹೇಗೆ?

ಕಾಂಕ್ರೀಟು, ಕಬ್ಬಿಣದ ಸರಳು, ಒದ್ದೆ ಮಣ್ಣು ಎಲ್ಲವೂ ತರಂಗವನ್ನು ನುಂಗುತ್ತವೆ. ಕಟ್ಟಡದೊಳಗೆ ಹೋಗುವವರು ದಾರಿಯುದ್ದಕ್ಕೂ ಚಿಕ್ಕ ಮೆಶ್ ಪೆಟ್ಟಿಗೆಗಳನ್ನು ಇಡುತ್ತಾ ಸಾಗಬಹುದು. ಒಂದರಿಂದ ಒಂದಕ್ಕೆ ಮಾತು ಹಾಯುತ್ತದೆ, ಒಂದು ಕೆಟ್ಟರೆ ಬದಲಿ ದಾರಿ ಹುಡುಕಿಕೊಳ್ಳುತ್ತದೆ. ಆದರೆ ಪೆಟ್ಟಿಗೆಯಲ್ಲಿ ರೇಡಿಯೊ ಒಂದೇ ಇದ್ದರೆ ಕೇಳುವುದು, ಹೇಳುವುದು ಎರಡನ್ನೂ ಅದೇ ಮಾಡಬೇಕಾದ್ದರಿಂದ ಪ್ರತಿ ಜಿಗಿತಕ್ಕೂ ವೇಗ ಕುಸಿಯುತ್ತದೆ. ಮಾತು ಹೋದೀತು, ವಿಡಿಯೊ ತಡವರಿಸೀತು. ಗಣಿ ಮತ್ತು ಸುರಂಗಗಳಲ್ಲಿ ಉದ್ದಕ್ಕೂ ತರಂಗ ಸೋರುವಂತೆ ಮಾಡಿದ ಕೇಬಲ್ ಎಳೆದಿರುತ್ತಾರೆ, ಅದೇ ಆಂಟೆನಾ. ಬಂಡೆಯನ್ನೇ ತೂರಬೇಕಾದರೆ ತೀರಾ ಕಡಿಮೆ ಆವರ್ತನದ ತರಂಗ ಬೇಕು. 87 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಹೇಫೋನ್ ಎಂಬ ಗುಹಾ ರೇಡಿಯೊವನ್ನು 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯ ರಕ್ಷಣಾ ಕಾರ್ಯಕ್ಕೆಂದು ಕೊಂಡೊಯ್ದಿದ್ದರು. ಇವೆಲ್ಲ ಇಲ್ಲದಿದ್ದರೆ ತಂತಿ ಎಳೆಯಿರಿ. ಹಗ್ಗದ ಜೊತೆಗೇ ಒಳಹೋಗುವ ತಂತಿ ಫೋನನ್ನು ಹಳೆಯದೆಂದು ತಳ್ಳಿಹಾಕಬೇಡಿ, ಕಿರಿದಾದ ಸಂದಿಯಲ್ಲಿ ಅಷ್ಟು ಭರವಸೆಯದು ಇನ್ನೊಂದಿಲ್ಲ.

ಪ್ರಶ್ನೆ: ಉಪಗ್ರಹ ಇಂಟರ್ನೆಟ್ ಇದ್ದರೆ ಇದೆಲ್ಲ ಬೇಕೇ?

ಬೇಕು. ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಈಗ ಬೇಗನೆ, ಒಳ್ಳೆಯ ವೇಗದ ಸಂಪರ್ಕ ಸಿಗುತ್ತದೆ. ನಿಯಂತ್ರಣ ಶಿಬಿರವನ್ನು ಹೊರಜಗತ್ತಿಗೆ ಜೋಡಿಸಲು ಖಂಡಿತ ಇಟ್ಟುಕೊಳ್ಳಿ. ಆದರೆ ಅದರ ತಟ್ಟೆಯಾಕಾರದ ಆಂಟೆನಾಗೆ ತೆರೆದ ಆಕಾಶ ಬೇಕು. ಅವಶೇಷದಡಿ ತೆವಳುವವರ ಕೈಗೆ ಅದು ಬರುವುದಿಲ್ಲ. ಜೊತೆಗೆ ಅದು ಹತ್ತಾರು ವ್ಯಾಟ್ ವಿದ್ಯುತ್ತನ್ನು ಸತತವಾಗಿ ಎಳೆಯುತ್ತದೆ. ಕೊಳ್ಳುವ ದಿನವೇ ಮೂರು ದಿನ ನಡೆಸುವಷ್ಟು ಬ್ಯಾಟರಿಯನ್ನೂ ಅದನ್ನು ತುಂಬಿಸಿಕೊಳ್ಳುವ ದಾರಿಯನ್ನೂ ಲೆಕ್ಕಕ್ಕೆ ಸೇರಿಸಿ.